ದೀಪಸ್ತಂಭದ ನಾಯಿ

ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಮೂವತ್ತೊಂದು ವರ್ಷ ನಾಯಿ ಪ್ರದರ್ಶನಗಳಲ್ಲಿ ಜಡ್ಜ್ ಆಗಿದ್ದವರು. ಹೆಣ್ಣು ಕೇಳಲು ನಾನು ಮೊದಲ ಸಲ ಅವರ ಮನೆಗೆ ಹೋದಾಗ ಅವರು ನನ್ನ ಕೆಲಸ ಕೇಳಲಿಲ್ಲ, ಓದು ಕೇಳಲಿಲ್ಲ. ಕಿಟಕಿಯ ಬೆಳಕಿಗೆ ನಿಲ್ಲಿಸಿ, ಗದ್ದ ಎತ್ತಿ, ಹಲ್ಲು ನೋಡಿದರು. ಭುಜ ಹಿಸುಕಿದರು. ಆಮೇಲೆ ಮಗಳ ಕಡೆ ತಿರುಗಿ, "ಮೇಲಿನ ದವಡೆ ಸ್ವಲ್ಪ ಮುಂದಿದೆ. ಸ್ವಭಾವ ಸಾಧು. ಮನೇಲಿಟ್ಕೊಳ್ಳೋಕೆ ಅಡ್ಡಿಯಿಲ್ಲ" ಅಂದರು. ಪ್ರದರ್ಶನಕ್ಕೆ ಲಾಯಕ್ಕಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡವರ ದೊಡ್ಡತನ ಅದು.

ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದರು: ನಿನ್ನ ಅಜ್ಜಿಯ ತಾಯಿಯ ಹೆಸರೇನು? ನನಗೆ ಗೊತ್ತಿರಲಿಲ್ಲ. ಅವರ ಕಾಲಬುಡದಲ್ಲಿ ಮಲಗಿದ್ದ ಸ್ಪ್ಯಾನಿಯೆಲ್ ನಾಯಿಯ ಅಜ್ಜಿಯ ತಾಯಿಯ ಹೆಸರು ಮಾತ್ರ ಅವರಿಗೆ ಬಾಯಿಪಾಠ. ಆ ನಾಯಿ ನನ್ನನ್ನು ನೋಡಿದ ರೀತಿಯಲ್ಲೇ ತಿಳಿದುಹೋಯಿತು, ಈ ಮನೆಯಲ್ಲಿ ನನ್ನ ಜಾಗ ಅದಕ್ಕಿಂತ ಕೆಳಗೆ ಅಂತ.

ಕೆಳಗೇ ಆಯಿತು. ಮನೆ ಮಹಡಿಯ ಮೇಲೆ, ನನ್ನ ಅಂಗಡಿ ಅದರ ಅಡಿಯಲ್ಲಿ. ನಾಯಿಗಳ ಕ್ಷೌರದಂಗಡಿ. ಒಂದು ಎತ್ತರದ ಟೇಬಲ್ಲು, ಎರಡು ತೊಟ್ಟಿ, ಒಂದು ಡ್ರೈಯರ್, ಹದಿನಾಲ್ಕು ಕತ್ತರಿ. ಕತ್ತರಿ ಆಡುವಾಗ ಬಾಯಿಯೂ ಆಡುತ್ತಿರಬೇಕು, ಇಲ್ಲದಿದ್ದರೆ ನಾಯಿಗೂ ಬೇಜಾರು, ಕರೆದುಕೊಂಡು ಬಂದವರಿಗೂ ಬೇಜಾರು. ಹಾಗಾಗಿ ಟೇಬಲ್ ಹತ್ತಿದ ಪ್ರತಿ ನಾಯಿಯ ಕುಲದ ಚರಿತ್ರೆಯನ್ನೂ ನಾನು ಹೇಳುತ್ತೇನೆ. ಈ ಕಸುಬಿನಲ್ಲಿ ಕಲಿತದ್ದು ಇಷ್ಟೇ: ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ಡಾಬರ್‌ಮನ್ ತಳಿಯನ್ನು ಹುಟ್ಟಿಸಿದವನು ಒಬ್ಬ ತೆರಿಗೆ ವಸೂಲಿಯವನಂತೆ, ಮನೆಮನೆಗೆ ಹೋಗುವಾಗ ಪಕ್ಕದಲ್ಲಿ ಏನಾದರೂ ಭಯಂಕರವಾದದ್ದು ಇರಲಿ ಅಂತ, ಎಂದರೆ ಜನ ನಗುತ್ತಾರೆ. ಪೀಕಿಂಗೀಸ್ ನಾಯಿಗಳನ್ನು ಅರಮನೆಯವರು ಅಂಗಿಯ ತೋಳೊಳಗೆ ಇಟ್ಟುಕೊಂಡು ಓಡಾಡುತ್ತಿದ್ದರಂತೆ ಎಂದರೆ, "ಸುಮ್ನಿರಿ ಸಾರ್, ಬೆಳಿಗ್ಗೆ ಬೆಳಿಗ್ಗೆನೇ ಶುರು ಹಚ್ಕೊಂಡ್ರಾ" ಅನ್ನುತ್ತಾರೆ. ಪೂಡಲ್‌ಗಳನ್ನು ಅರಮನೆಯ ಲಾಂದ್ರದ ಗಾಜು ಒರೆಸುವ ಕೆಲಸಕ್ಕೆ ಇಟ್ಟಿದ್ದರು, ಕಾಲಿನ ಗುಂಡು ಕೂದಲು ಅದಕ್ಕೇ ಎಂದು ಹೇಳಿದರೆ ಮಾತ್ರ ಗಂಭೀರವಾಗಿ ತಲೆಯಾಡಿಸಿ, ಮನೆಗೆ ಹೋಗಿ ನಾಲ್ಕು ಜನಕ್ಕೆ ಹೇಳುತ್ತಾರೆ.

ಆಗ ಮೇಲಿನ ಕಿಟಕಿಯಿಂದ ಗುಡುಗು ಬೀಳುತ್ತಿತ್ತು.

"ಸುಳ್ಳು! ಬೇಟೇಲಿ ನೀರಿಗೆ ಬಿದ್ದ ಬಾತುಕೋಳಿ ಎತ್ಕೊಂಡ್ ಬರೋ ನಾಯಿ ಅದು! ಕೀಲಿಗೆ ಚಳಿ ಹತ್ತಬಾರ್ದು ಅಂತ ಅಲ್ಲಲ್ಲಿ ಕೂದ್ಲು ಬಿಟ್ಟಿದ್ರು! ಅಳಿಯಂದ್ರೇ, ಬಾಯಿಗೂ ಒಂದ್ ಕತ್ತರಿ ಇಟ್ಕೊಳ್ಳಿ!"

ಗಿರಾಕಿಗಳಿಗೆ ಇದು ಬಹಳ ಇಷ್ಟ. ಕೆಲವರು ಮಾವನ ಗುಡುಗು ಕೇಳುವುದಕ್ಕೆಂದೇ ಚೊಕ್ಕಟವಾಗಿದ್ದ ನಾಯಿಯನ್ನೂ ಎತ್ತಿಕೊಂಡು ಬರುತ್ತಿದ್ದರು.

ಆಮೇಲೆ ಎರಡು ವರ್ಷದೊಳಗೆ ಮಾವನ ಎರಡೂ ಕಣ್ಣಿನ ದೀಪ ಆರಿದವು. ಅದಕ್ಕೆ ಅವರು ಹೆಚ್ಚು ಕೊರಗಲಿಲ್ಲ. "ನಾಯಿ ನೋಡೋದು ಕೈಯಲ್ಲಿ. ಕಣ್ಣಿರೋದು ಮೋಸ ಹೋಗೋಕೆ" ಅಂದರು. ಆದರೆ ಈ ವರ್ಷ ಅವರ ಕೊನೆಯ ಸ್ಪ್ಯಾನಿಯೆಲ್, ಚಿಟ್ಟೆ ಎಂದು ಕರೆಯುತ್ತಿದ್ದ ನಾಯಿ, ಸತ್ತಿತು. ಕಾಗದದ ಮೇಲೆ ಅದರ ಪೂರ್ತಿ ಹೆಸರು ಬರೆಯಲು ಎರಡೂವರೆ ಸಾಲು ಬೇಕಿತ್ತು. ಹಿತ್ತಲಲ್ಲಿ ಹೂಳಿದಾಗ ಹಿಡಿಸಿದ್ದು ಎರಡೂವರೆ ಅಡಿ ಜಾಗದಲ್ಲಿ. ಅಲ್ಲಿಂದಾಚೆಗೆ ಮಾವ ಕುರ್ಚಿ ಬಿಟ್ಟು ಏಳಲಿಲ್ಲ. ಕಿಟಕಿ ತೆರೆದೇ ಇತ್ತು, ಗುಡುಗು ನಿಂತಿತು. ಒಂದು ದಿನ ನಾನು ಬೇಕೆಂದೇ ಗಂಟಲು ಎತ್ತರಿಸಿ, ಬುಲ್‌ಡಾಗ್ ಮೂಗು ಚಪ್ಪಟೆಯಾದದ್ದು ತಲೆತಲಾಂತರದಿಂದ ಮುಚ್ಚಿದ ಬಾಗಿಲಿಗೆ ಢಿಕ್ಕಿ ಹೊಡೆದು ಹೊಡೆದು ಎಂದು ಹೇಳಿದೆ. ಮೇಲಿಂದ ಸದ್ದಿಲ್ಲ. ಕತ್ತರಿ ಕೆಳಗಿಟ್ಟು ಮೆಟ್ಟಿಲು ಹತ್ತಿ ಹೋಗಿ, ಉಸಿರಾಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು ಬಂದೆ.

ಹೀಗಿರುವಾಗ ಪಾರ್ಸೆಲ್ ಬಂದ.

ಒಬ್ಬ ಮನುಷ್ಯ ಈ ನಾಯಿಯನ್ನು ಸ್ನಾನಕ್ಕೆ ಬಿಟ್ಟು, "ಒಂದ್ ಗಂಟೇಲಿ ಬಂದೆ" ಎಂದು ಹೋದ. ಆ ಗಂಟೆ ಹನ್ನೆರಡು ದಿನವಾದರೂ ಮುಗಿದಿರಲಿಲ್ಲ. ಕೊಟ್ಟ ನಂಬರಿಗೆ ಫೋನ್ ಮಾಡಿದರೆ ಬೇರೆ ಊರಿನ ಯಾರೋ ಟೈಲರ್ ಎತ್ತುತ್ತಿದ್ದ. ಮೂರನೇ ಸಲಕ್ಕೆ ಅವನು ನನಗೇ ಅಳತೆ ತೆಗೆಯುವ ಮಾತಾಡಿದ. ಯಾರೋ ಇಳಿಸಿ ಹೋದದ್ದಕ್ಕೆ ನನ್ನ ಹೆಂಡತಿ ಪಾರ್ಸೆಲ್ ಎಂದು ಹೆಸರಿಟ್ಟಳು. ಮುಂಗಾಲು ಗಿಡ್ಡ, ಹಿಂಗಾಲು ಉದ್ದ, ಹೀಗಾಗಿ ಸಮತಟ್ಟಾದ ನೆಲದಲ್ಲೂ ಇಳಿಜಾರಿನಲ್ಲಿ ನಿಂತ ಹಾಗೆ ಕಾಣುತ್ತಿದ್ದ. ಬಾಲ ಎಡಕ್ಕೆ ಡೊಂಕು. ಬಣ್ಣವೆಂದರೆ, ನಾಲ್ವರು ಪೇಂಟರುಗಳು ಜಗಳವಾಡಿ ಅರ್ಧಕ್ಕೆ ಬಿಟ್ಟುಹೋದ ಗೋಡೆ. ಅಪ್ಪಟ ಕಂತ್ರಿ. ಹಲ್ಲು ನೋಡಿದರೆ ಎಂಟು ವರ್ಷ. ದಿನವಿಡೀ ಅಂಗಡಿಯ ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿದ್ದ; ಯಾರು ಒಳಗೆ ಬಂದರೂ ಒಮ್ಮೆ ಎದ್ದು ನಿಂತು, ನೋಡಿ, ಮತ್ತೆ ಕೂರುತ್ತಿದ್ದ.

ಅನಾಥ ನಾಯಿಗಳ ಆಶ್ರಮಕ್ಕೆ ಹೇಳಿದ್ದೆ. ಸೋಮವಾರ ಗಾಡಿ ಕಳಿಸುತ್ತೇವೆ ಅಂದರು. ವಯಸ್ಸು ಕೇಳಿ, "ಇಷ್ಟ್ ವಯಸ್ಸಾದವನ್ನ ಇಲ್ಲಿಂದ ಯಾರೂ ಕರ್ಕೊಂಡ್ ಹೋಗಲ್ಲ, ತಿಳ್ಕೊಂಡಿರಿ" ಅಂದರು.

ಶುಕ್ರವಾರ ಹೆಂಡತಿ ಅಂಗಡಿಗೆ ಇಳಿದು ಬಂದು, ಪಾರ್ಸೆಲ್‌ಗೆ ಬ್ರೆಡ್ ಕೊಟ್ಟು, ಅಲ್ಲೇ ಸ್ಟೂಲಿನ ಮೇಲೆ ಕೂತಳು.

"ರೀ, ಅಪ್ಪನ ಕೈ ನೋಡಿದ್ರಾ?"

"ಏನಾಗಿದೆ?"

"ಕುರ್ಚಿ ತೋಳನ್ನ ಸವರ್ತಾ ಕೂತಿರ್ತಾರೆ. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ. ಅದಕ್ಕೂ ಬೆನ್ನಿದ್ಯೇನೋ ಅನ್ನೋ ಹಾಗೆ." ಅವಳು ಪಾರ್ಸೆಲ್‌ನ ನೆತ್ತಿ ಕೆರೆದಳು. "ಇವನನ್ನ ಮೇಲಕ್ಕೆ ಕರ್ಕೊಂಡ್ ಹೋಗೋಣ."

"ಮೂರು ತಲೆಮಾರಿನ ಕಾಗದ ಇಲ್ದೆ ಈ ಮೆಟ್ಟಿಲು ಯಾವ ನಾಯಿ ಹತ್ತಿದೆ? ನಿಮ್ಮಪ್ಪ ಒಪ್ಪಬೇಕಲ್ಲ."

"ನೀವು ಹತ್ತಲಿಲ್ವಾ?"

ಮನೆ ಮಾವನದು, ನಿಯಮವೂ ಮಾವನದು. ಅವರು ಹೂಂ ಅಂದರೆ ಪಾರ್ಸೆಲ್ ಉಳಿಯುತ್ತಾನೆ, ಉಹೂಂ ಅಂದರೆ ಸೋಮವಾರದ ಗಾಡಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಒಂದು ನಾಯಿಗೆ ಒಂದು ಸುಳ್ಳು ಧಾರಾಳ ಸಾಕು ಎಂದುಕೊಂಡೆ. ಪಾರ್ಸೆಲ್ ಅಷ್ಟರಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದ, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ನೋಡುತ್ತ ನೋಡುತ್ತ ನನಗೆ ಇಡೀ ತಳಿಯೇ ಹೊಳೆಯಿತು.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ತೆಗೆದೆ.

"ಮಾವ, ದೀಪಸ್ತಂಭದ ನಾಯಿ ಅಂತ ಕೇಳಿದೀರಾ?"

ಮಾವ ಅಗಿಯುತ್ತಲೇ ಇದ್ದರು.

"ಸಮುದ್ರದ ನಡುವೆ ಬಂಡೆ ಮೇಲೆ ದೀಪಸ್ತಂಭ ಇರುತ್ತಲ್ಲ, ಅದನ್ನ ಕಾಯೋರು ಸಾಕ್ತಿದ್ದ ತಳಿ. ಒಳಗೆ ಸುತ್ತು ಮೆಟ್ಟಿಲು, ದಿನಕ್ಕೆ ಹತ್ತು ಸಲ ಎಣ್ಣೆ ಡಬ್ಬಿ ಹೊತ್ಕೊಂಡ್ ಹತ್ತಬೇಕು. ಅದಕ್ಕೇ ಮುಂಗಾಲು ಗಿಡ್ಡ, ಹಿಂಗಾಲು ಉದ್ದ. ಹತ್ತುವಾಗ ಬೆನ್ನು ಸಮ ಬರುತ್ತೆ, ಒಂದ್ ಹನಿ ಎಣ್ಣೆ ಚೆಲ್ಲಲ್ಲ. ಮೆಟ್ಟಿಲು ತಿರುಗಿ ತಿರುಗಿ ಬಾಲ ಎಡಕ್ಕೆ ಬಾಗಿದೆ. ಒಂದ್ ಕಿವಿ ನೆಟ್ಟಗೆ, ಹಡಗಿನ ಕೂಗು ಕೇಳೋಕೆ. ಇನ್ನೊಂದು ಮುಚ್ಕೊಂಡಿರುತ್ತೆ, ಗಾಳಿ ಹೋಗ್ಬಾರ್ದಲ್ಲ. ಉಪ್ಪುಗಾಳಿ ತಡೆಯೋಕೆ ಮೈಕೂದಲು ತಂತಿ ಇದ್ದ ಹಾಗೆ."

ಹೆಂಡತಿ ತಟ್ಟೆ ನೋಡುತ್ತಿದ್ದಳು. ಅವಳ ಭುಜ ಕುಲುಕುತ್ತಿತ್ತು.

"ಎಷ್ಟು ಉಳಿದಿವೆ?" ಮಾವ ಕೇಳಿದರು. ಎಷ್ಟೋ ವಾರಗಳ ನಂತರ ನಾಯಿಯ ವಿಷಯದಲ್ಲಿ ಅವರು ಆಡಿದ ಮೊದಲ ಮಾತು.

"ಹನ್ನೊಂದು. ಅದ್ರಲ್ಲಿ ಒಂದು ನಮ್ಮ ಅಂಗಡೀಲಿದೆ. ಸೋಮವಾರ ಆಶ್ರಮದ ಗಾಡಿ ಬಂದು ಕರ್ಕೊಂಡ್ ಹೋಗುತ್ತೆ."

"ಕಾಗದ?"

"ಅಲೆ ಬಂದು ಹೊತ್ಕೊಂಡ್ ಹೋಯ್ತು ಮಾವ."

ಮಾವ ನೀರು ಕುಡಿದರು. ಲೋಟವನ್ನು ತಡವಿ ಸರಿಯಾದ ಜಾಗದಲ್ಲಿಟ್ಟರು. "ನಾಳೆ ಹತ್ತು ಗಂಟೆಗೆ ಹಾಲಲ್ಲಿ ಹಗ್ಗ ಕಟ್ಟಿ ಪ್ರದರ್ಶನದ ರಿಂಗ್ ಹಾಕಿ. ನೋಡ್ತೀನಿ. ತಳಿಯ ಗುಣ ಇದ್ರೆ ಇರಲಿ. ಇಲ್ದಿದ್ರೆ ಗಾಡಿಗೆ ಹತ್ಸಿ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಬಾಗಿಲು ತೆಗೆದಾಗ ಪಾರ್ಸೆಲ್ ಎರಡೂ ಕಿವಿ ಜೋಲುಬಿಟ್ಟುಕೊಂಡು ಎದುರು ನಿಂತಿದ್ದ. ಎಷ್ಟು ಸಲ ಎತ್ತಿದರೂ ಕಿವಿ ಬಾಡಿದ ಎಲೆಯ ಹಾಗೆ ಬಿತ್ತು. ಮೊನ್ನೆ ಅದು ನಿಂತದ್ದು ಗೋಡೆಯ ಆಸರೆಯಿಂದ. ತಂತಿಯಂಥ ಕೂದಲು ಎಂದಿದ್ದೆ, ಮುಟ್ಟಿದರೆ ಹತ್ತಿ. ಬೇರೆ ಕಸುಬಿನವನಾಗಿದ್ದರೆ ಇಲ್ಲಿಗೇ ತಪ್ಪೊಪ್ಪಿಕೊಂಡು ಬಚಾವಾಗುತ್ತಿದ್ದ. ನನ್ನ ಅಂಗಡಿಯಲ್ಲಿ ಕಿವಿಗೆ ಹಚ್ಚುವ ಅಂಟು ಇತ್ತು. ಮರಿಗಳ ಕಿವಿ ಪಳಗಿಸಲು ಇಟ್ಟುಕೊಂಡದ್ದು. ಎರಡು ಮೊಟ್ಟೆಯ ಬಿಳಿಯನ್ನೂ ಕಡೆದು ಬೆನ್ನಿಗೆ ಹಚ್ಚಿ, ಕೂದಲನ್ನು ಎದುರು ಬಾಚಿ, ಡ್ರೈಯರ್ ಹಿಡಿದೆ. ಇಪ್ಪತ್ತು ನಿಮಿಷದಲ್ಲಿ ಪಾರ್ಸೆಲ್‌ನ ಬೆನ್ನು ಪಾತ್ರೆ ಉಜ್ಜಬಹುದು ಅನ್ನುವಷ್ಟು ಒರಟಾಯಿತು. ಬಲಗಿವಿ ಆಕಾಶಕ್ಕೆ ನಿಂತಿತು. ಪಾಪ, ಅವನು ಒಂದು ಸಲವೂ ಗುರ್ ಅನ್ನಲಿಲ್ಲ. ಯಾರನ್ನೋ ಭೇಟಿ ಮಾಡಲು ಹೊರಟವನಂತೆ ಸಹಿಸಿಕೊಂಡ.

ಹೆಂಡತಿ ನೋಡಿ ಹಣೆ ಚಚ್ಚಿಕೊಂಡಳು. "ಅಪ್ಪಂಗೆ ಕಣ್ಣು ಹೋಗಿದೆ. ಮೂಗಿದೆ. ಕೈ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ನೀವು ಎಂಥೋರು ಅಂತ ಗೊತ್ತಿದೆ."

"ನೀನು ಹೆದರಿಸ್ಬೇಡ."

"ನಾನ್ಯಾಕೆ ಹೆದರಿಸ್ಲಿ. ಆಗ್ಲಿಂದ ಅದೇ ಜಾಗ ನಾಲ್ಕು ಸಲ ಬಾಚಿದೀರಿ."

ಮೇಲೆ ಹಾಲಿನಲ್ಲಿ ಸೋಫಾ ಸರಿಸಿ, ನಾಲ್ಕು ಕುರ್ಚಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ರಿಂಗ್ ಮಾಡಿದ್ದಾಗಿತ್ತು. ನಡುವೆ ಟೀಪಾಯಿ, ಅದರ ಮೇಲೆ ಕಾಲು ಜಾರದಂತೆ ರಬ್ಬರ್ ಚಾಪೆ. ಮಾವ ಹಳೆಯ ಕಂದು ಕೋಟು ಹಾಕಿ, ಜಡ್ಜ್ ಬಿಲ್ಲೆ ಚುಚ್ಚಿಕೊಂಡು, ಗಡ್ಡ ಬೋಳಿಸಿಕೊಂಡು ನಿಂತಿದ್ದರು. ನಿಂತಿದ್ದರು! ಹೆಂಡತಿ ಬರೆದುಕೊಳ್ಳಲು ನೋಟ್‌ಬುಕ್ ಹಿಡಿದಿದ್ದಳು. ಚಿಕ್ಕವಳಿದ್ದಾಗಿಂದ ಅವರ ತೀರ್ಪು ಬರೆದುಕೊಳ್ಳುವವಳು ಅವಳೇ. ನಾನು ಪಾರ್ಸೆಲ್‌ನನ್ನು ಟೀಪಾಯಿಯ ಮೇಲೆ ನಿಲ್ಲಿಸಿದೆ.

ಮಾವ ಮೊದಲು ಬೆರಳ ಹಿಂಭಾಗವನ್ನು ಅವನ ಮೂಗಿಗೆ ಹಿಡಿದರು. ಅವನು ಮೂಸಲಿ ಎಂದು ಬಹಳ ಹೊತ್ತು ಕಾದರು. ಆಮೇಲೆ ಎರಡೂ ಕೈ ಇಳಿದವು.

"ಬರ್ಕೋ ಮಗಳೇ. ತಲೆಬುರುಡೆ ಅಗಲ. ಮೂತಿ ಗಟ್ಟಿ. ಹಲ್ಲು ನಲವತ್ತೆರಡಕ್ಕೆ ನಲವತ್ತು, ಎರಡು ಮುರಿದಿವೆ. ಕಲ್ಲು ಕಚ್ಚಿದಾನೆ, ಹಸಿವಿತ್ತು." ಬೆರಳು ಕತ್ತಿಗೆ ಬಂದವು. "ಇಲ್ಲಿ ಕೂದಲು ಸವೆದಿದೆ. ಬಹಳ ವರ್ಷ ಹಗ್ಗದಲ್ಲಿ ಕಟ್ಟಿದಾರೆ. ಬೆಲ್ಟಲ್ಲ, ಹಗ್ಗ."

ನನಗೆ ಇದು ಗೊತ್ತಿರಲಿಲ್ಲ. ಹನ್ನೆರಡು ದಿನ ಅವನಿಗೆ ಸೋಪು ಹಚ್ಚಿದವನು ನಾನು.

"ಎದೆ ಆಳ. ಮುಂಗಾಲು..." ಅವರು ಅಳೆದರು. "ಅಳಿಯಂದ್ರೇ, ಇದು ಮೆಟ್ಟಿಲು ಹತ್ತೋಕೆ ಅಂದ್ರಲ್ಲ? ಇಳಿಯುವಾಗ ಏನ್ ಮಾಡ್ತಿತ್ತು? ಮುಂದಕ್ಕೆ ಮುಗ್ಗರಿಸಲ್ವಾ?"

"ಹಿಂದ್ ಹಿಂದಕ್ಕೆ ಇಳೀತಿತ್ತು ಮಾವ."

"ಬರ್ಕೋ. ಹಿಂದ್ ಹಿಂದಕ್ಕೆ ಇಳೀತಿತ್ತು." ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೈ ಬೆನ್ನಿಗೆ ಬಂದು, ನಿಂತು, ಕೂದಲ ನಡುವೆ ಇಳಿಯಿತು. ಬೆರಳನ್ನು ಮೂಗಿಗೆ ಹಿಡಿದರು. ಒಮ್ಮೆ. ಇನ್ನೊಮ್ಮೆ. ಆಮೇಲೆ ಕೈ ಬಲಗಿವಿಗೆ ಹೋಯಿತು. ಬುಡದಲ್ಲಿ ಹೆಬ್ಬೆರಳು ಒತ್ತಿದಾಗ ಪಾರ್ಸೆಲ್ ಮೊದಲ ಬಾರಿಗೆ ಸಣ್ಣಗೆ ಕುಂಯ್ ಅಂದ. ಅಂಟು ಎಳೆಯುತ್ತಿತ್ತು.

ಕಣ್ಣಿದ್ದವರ ಕಣ್ಣಿಗೆ ಮಣ್ಣೆರಚಬಹುದು. ಕಣ್ಣಿಲ್ಲದವರಿಗೆ ಎಲ್ಲಿಗೆ ಎರಚುವುದು?

"ಮೊಟ್ಟೆ," ಅಂದರು ಮಾವ. "ಅಂಟು." ದನಿ ಏರಲಿಲ್ಲ, ಅದೇ ಭಯ. "ಮೂವತ್ತೊಂದು ವರ್ಷದಲ್ಲಿ ಏಳು ಜನರನ್ನ ರಿಂಗಿನಿಂದ ಹೊರಗೆ ಹಾಕಿದೀನಿ. ಒಬ್ಬ ನಾಯಿ ಮೂಗಿಗೆ ಬೂಟ್‌ಪಾಲಿಶ್ ಹಚ್ಚಿದ್ದ. ಒಬ್ಬ ಬಿಳಿ ಕಾಲಿಗೆ ಸೀಮೆಸುಣ್ಣ. ಒಬ್ಬ ನನ್ನ ಸ್ನೇಹಿತ, ಬಾಲಕ್ಕೆ ದಾರ ಕಟ್ಟಿದ್ದ. ಅವತ್ತಿಂದ ಮಾತಿಲ್ಲ. ಮಗಳೇ, ಎಂಟನೇ ಹೆಸರು ಬರ್ಕೋ."

"ಅಪ್ಪಾ, ಅವರು ಯಾಕೆ ಮಾಡಿದ್ರು ಅಂದ್ರೆ..."

"ಬರ್ಕೋ!"

ಅವಳು ನನ್ನ ಹೆಸರು ಬರೆದಳು. ಅವಳ ಕಣ್ಣು ತುಂಬಿದ್ದವು. ಸೋಮವಾರದ ಗಾಡಿ ಅಂಗಡಿಯ ಮುಂದೆ ನಿಂತದ್ದು, ಇವನು ಎದ್ದು ನಿಂತು ಅದರೊಳಗೆ ಯಾರಿದ್ದಾರೆ ಎಂದು ನೋಡಿದ್ದು, ಎಲ್ಲ ನನಗೆ ಆಗಲೇ ಕಾಣಿಸಿತು. "ತಪ್ಪು ನಂದು ಮಾವ. ಅವನದೇನಿಲ್ಲ," ಅಂದೆ.

"ಅದು ನೀವು ಹೇಳ್ಬೇಕಾ? ನಿಯಮದಲ್ಲೇ ಇದೆ. ವೇಷ ಹಾಕಿದ್ರೆ ತಪ್ಪು ನಾಯೀದಲ್ಲ, ತಂದವನದು. ತಂದವನು ಹೊರಗೆ. ನಾಯಿ ಪ್ರದರ್ಶನ ಮುಗಿಯೋವರೆಗೆ ಜಡ್ಜ್ ಸುಪರ್ದಿಗೆ. ಆ ಬೂಟ್‌ಪಾಲಿಶ್ ನಾಯಿ ಮೂರು ದಿನ ನನ್ನ ರೂಮಲ್ಲಿತ್ತು, ಗೊತ್ತಾ? ಚಾದರವೆಲ್ಲ ಕಪ್ಪು." ಅವರು ಹಗ್ಗದ ಕಡೆ ಕೈ ತೋರಿಸಿದರು. "ಅಳಿಯಂದ್ರು ಹೊರಗೆ ನಡೀರಿ. ಹೋಗ್ತಾ ಸ್ವಲ್ಪ ಎಣ್ಣೆ ಬೆಚ್ಚಗೆ ಮಾಡಿ ಕಳ್ಸಿ. ಹತ್ತೀನೂ."

ನಾನು ಹಗ್ಗ ದಾಟಿ ಹೋದೆ. ಎಣ್ಣೆಯ ಬಟ್ಟಲು ಹಗ್ಗದ ಈಚೆಯಿಂದ ಹೆಂಡತಿಯ ಕೈಗೆ ಕೊಟ್ಟೆ, ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಮಾವ ಕುರ್ಚಿಯಲ್ಲಿ ಕೂತು ಪಾರ್ಸೆಲ್‌ನನ್ನು ಮಂಡಿಗಳ ನಡುವೆ ಎಳೆದುಕೊಂಡರು. ಹತ್ತಿ ಅದ್ದಿ ಕಿವಿಯ ಬುಡಕ್ಕೆ ಒತ್ತಿದರು, ಬಿಟ್ಟರು, ಒತ್ತಿದರು. ಅಂಟು ಎಳೆಎಳೆಯಾಗಿ ಬಿಡುತ್ತಿತ್ತು. ಮಾತಾಡುತ್ತಿದ್ದದ್ದು ನಮ್ಮ ಜೊತೆಯಲ್ಲ.

"ನಿಂಗೊತ್ತಾ, ಒಂದ್ ಕಾಲದಲ್ಲಿ ಪರದೇಶದಲ್ಲಿ ಅಡುಗೆಮನೆ ನಾಯಿ ಅಂತ ಒಂದ್ ತಳಿ ಇತ್ತು. ಗೋಡೆ ಮೇಲೆ ಒಂದ್ ಚಕ್ರ, ಅದರೊಳಗೆ ಇದು ಓಡ್ಬೇಕು. ಇದು ಓಡಿದ್ರೆ ಕೆಳಗೆ ಬೆಂಕೀಲಿ ಕಂಬಿಗೆ ಚುಚ್ಚಿದ ಮಾಂಸ ತಿರುಗುತ್ತೆ. ಉದ್ದ ಬೆನ್ನು, ಗಿಡ್ಡ ಕಾಲು. ಅದೂ ಡೊಂಕು. ಚೆಂದ ಇರ್ಲಿಲ್ಲ. ಮನೆಮನೇಲೂ ಇತ್ತು. ಆಮೇಲೆ ಚಕ್ರ ತಿರುಗಿಸೋಕೆ ಯಂತ್ರ ಬಂತು. ಐವತ್ತು ವರ್ಷಕ್ಕೆ ಒಂದೂ ಇಲ್ಲ. ಹೆಂಗಿತ್ತು ಅಂತ ಬರ್ದಿಡೋಕೂ ಯಾರಿಗೂ ಅನ್ನಿಸ್ಲಿಲ್ಲ. ಕೆಲಸದವನನ್ನ ಯಾರು ಬರ್ದಿಡ್ತಾರೆ?" ಹತ್ತಿ ಬದಲಿಸಿದರು. "ನೋವಾಯ್ತಾ? ಆಯ್ತು, ಆಯ್ತು. ಇನ್ನೊಂದ್ ಚೂರು. ನಮ್ಮ ಅಳಿಯ ಕೆಟ್ಟವನಲ್ಲಪ್ಪ. ಬಾಯಿ ಬಿಟ್ಟರೆ ಬರೀ ಬೊಗಳೆ, ಅಷ್ಟೇ. ಕೈ ಒಳ್ಳೇದು."

ಇಪ್ಪತ್ತಾರು ವರ್ಷದಲ್ಲಿ ಮಾವ ನನಗೆ ಕೊಟ್ಟ ಸರ್ಟಿಫಿಕೇಟ್ ಇದೊಂದೇ. ಅದೂ ನಾಯಿಯ ಕಿವಿಗೆ ಹೇಳಿದ್ದು.

ಕಿವಿ ಕಳಚಿ ಕೆಳಗೆ ಬಿತ್ತು. ಪಾರ್ಸೆಲ್ ತಲೆ ಒದರಿದ. ಎಣ್ಣೆ ಮಾವನ ಕೋಟಿಗೆಲ್ಲ ಸಿಡಿಯಿತು. ಆಮೇಲೆ ಅವನು ಬಾಗಿಲ ಕಡೆ ನೋಡಲಿಲ್ಲ. ಗದ್ದವನ್ನು ಮಾವನ ಅಂಗೈಯಲ್ಲಿಟ್ಟು, ಮೈಭಾರವನ್ನೆಲ್ಲ ಅವರ ಮಂಡಿಗೆ ಒರಗಿಸಿ, ದೊಡ್ಡದಾಗಿ ಉಸಿರುಬಿಟ್ಟ. ಮಾವನ ಇನ್ನೊಂದು ಕೈ ತನ್ನಷ್ಟಕ್ಕೆ ಅವನ ಬೆನ್ನ ಮೇಲೆ ಹಿಂದಿನಿಂದ ಮುಂದಕ್ಕೆ ಹೋಯಿತು. ಮೊಟ್ಟೆಯ ಬಿಳಿ ಚೂರುಚೂರಾಗಿ ಉದುರಿತು.

ಬಹಳ ಹೊತ್ತಿನ ಮೇಲೆ ಹೆಂಡತಿ ಮೆಲ್ಲಗೆ ಕೇಳಿದಳು, "ಅಪ್ಪಾ, ಪ್ರದರ್ಶನ ಮುಗೀತು ಅಂತ ಬರೀಲಾ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮುಗಿದರೆ ಸುಪರ್ದಿಯೂ ಮುಗಿಯಿತು.

ಮಾವ ಯೋಚಿಸಿದರು. "ಹೆಂಗ್ ಮುಗಿಯುತ್ತೆ? ಇನ್ನೂ ನಡಿಗೆ ನೋಡಿಲ್ವಲ್ಲ."

"ಇವತ್ತೇ ನೋಡ್ತೀರಾ?"

"ಮೈಯೆಲ್ಲ ಮೊಟ್ಟೆ ಮೆತ್ಕೊಂಡಿರೋ ನಾಯಿ ನಡಿಗೆ ನೋಡೋಕಾಗುತ್ತಾ? ಸ್ನಾನ ಮಾಡ್ಸು. ನಾಳೆ ನೋಡೋಣ."

ಸೋಮವಾರ ಗಾಡಿ ಬಂತು. ಕೇಸು ಇನ್ನೂ ನಡೆಯುತ್ತಿದೆ ಎಂದು ಹೇಳಿ ವಾಪಸು ಕಳಿಸಿದೆ. ಡ್ರೈವರ್ ನಾಯಿಗೆ ಎಂಥ ಕೇಸು ಎಂದು ಕೇಳಲಿಲ್ಲ. ಅವನ ಉದ್ಯೋಗದಲ್ಲಿ ಇನ್ನೂ ವಿಚಿತ್ರ ಕೇಳಿರಬೇಕು.

ನಡಿಗೆಯನ್ನು ಮಾವ ಕಿವಿಯಿಂದ ನೋಡುತ್ತಾರೆ. ನೆಲಕ್ಕೆ ತಾಗುವ ಉಗುರಿನ ಸದ್ದಿನಿಂದ ಯಾವ ಕಾಲು ಎಷ್ಟು ಎತ್ತಿದ, ಎಲ್ಲಿಟ್ಟ ಎಂದು ತಿಳಿಯುತ್ತದಂತೆ. ಹಾಲಿನಲ್ಲಿ ಜಾಗ ಸಾಲದು, ಬೀದಿಯೇ ಆಗಬೇಕು. ಹಾಗಾಗಿ ದಿನಾ ಬೆಳಿಗ್ಗೆ ಕೋಟು ಹಾಕಿ, ಮಗಳ ತೋಳು ಹಿಡಿದು, ಇನ್ನೊಂದು ಕೈಯಲ್ಲಿ ಪಾರ್ಸೆಲ್‌ನ ಬೆಲ್ಟು ಹಿಡಿದು ಮೆಟ್ಟಿಲಿಳಿಯುತ್ತಾರೆ. ಪಾರ್ಸೆಲ್ ಇಳಿಯುವಾಗ ಮುಂದಕ್ಕೆ ಮುಗ್ಗರಿಸುತ್ತಾನೆ. ಮಾವ ಪ್ರತಿ ಮೆಟ್ಟಿಲಿಗೂ ನಿಂತು ಕಾಯುತ್ತಾರೆ. ನನಗೆ ಒಂದು ವರ್ಷ ನಿಷೇಧ, ರಿಂಗಿನ ಹತ್ತು ಹೆಜ್ಜೆಯೊಳಗೆ ಬರುವಂತಿಲ್ಲ. ಆದ್ದರಿಂದ ಹನ್ನೊಂದನೇ ಹೆಜ್ಜೆಯಲ್ಲಿ, ಬಿಸಿಲಾದರೆ ಬೇಕಾಗುತ್ತದೆಂದು ಛತ್ರಿ ಹಿಡಿದುಕೊಂಡು ಬರುತ್ತೇನೆ.

ಇಷ್ಟು ದಿನವಾದರೂ ತೀರ್ಪು ಆಗಿಲ್ಲ. ಒಂದು ದಿನ ರಸ್ತೆಯ ಗದ್ದಲ ಜಾಸ್ತಿ, ಒಂದು ದಿನ ನೆಲ ಒದ್ದೆ, ಒಂದು ದಿನ ಪಾರ್ಸೆಲ್ ಕಂಬದ ಹತ್ತಿರ ತಡ ಮಾಡಿದ. ಇವತ್ತು ಮೂಲೆಯ ಸೈಕಲ್ ರಿಪೇರಿಯವನು ಚಕ್ರ ಕೆಳಗಿಟ್ಟು ಕೇಳಿದ, "ಯಜಮಾನ್ರೇ, ಯಾವ ಜಾತಿ ನಾಯಿ?"

"ಇನ್ನೂ ತೀರ್ಮಾನ ಆಗಿಲ್ಲ," ಅಂದರು ಮಾವ. "ಹಿಂದಿನ ಎಡಗಾಲು ಒಂಚೂರು ತಡ ಬೀಳ್ತಿದೆ. ಮಗಳೇ, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ ಸುತ್ತು."